ಅರವತ್ತನಾಲ್ಕನೇ ನಿಮಿಷ

ಕುಂಬಾರಕೊಪ್ಪಲು, ಮೈಸೂರು
12 ಮಾರ್ಚ್ 2025

ರೀ,

‘ಯೋಗೇಂದ್ರ ಅವರಿಗೆ’ ಎಂದು ಬರೆದು ಹೊಡೆದುಹಾಕಿದೆ. ಒಂಬತ್ತು ವರ್ಷ ಸಂಸಾರ ಮಾಡಿದವಳಿಗೆ ಅದು ಬ್ಯಾಂಕಿನವರ ಕಾಗದದಂತೆ ಕಂಡಿತು. ಫೋನ್ ಮಾಡಿದರೆ ನನ್ನ ದನಿ ಏರುತ್ತದೆ, ನೀವು ಆಮೇಲೆ ಮಾತಾಡೋಣ ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ. ನನ್ನ ತಮ್ಮ ವಾಗೀಶ ಸಂಜೆ ನಜರ್‌ಬಾದಿಗೆ ಬಂದು ನಿಮ್ಮ ಕೈಗೇ ಕೊಡುತ್ತಾನೆ.

ಶನಿವಾರ ನೀವು ರೆಫರಿಯಾಗಿದ್ದ ಫುಟ್‌ಬಾಲ್ ಮ್ಯಾಚನ್ನು ಟಿವಿಯಲ್ಲಿ ನೋಡಿದೆ. ಎರಡು ದೇಶಗಳ ಚಾಂಪಿಯನ್ ಕ್ಲಬ್ಬುಗಳಂತೆ! ಚಾಂಪಿಯನ್ನರು ಆಡುವ ರೀತಿಯೇ ಅದು? ಚೆಂಡಿಗಿಂತ ಒಬ್ಬರ ಕಾಲಿಗೊಬ್ಬರು ಒದ್ದದ್ದೇ ಹೆಚ್ಚು. ಒಬ್ಬ ಉಗಿದ, ಇನ್ನೊಬ್ಬ ಅಂಗಿ ಹಿಡಿದೆಳೆದ, ಹೊರಗೆ ಕೂತಿದ್ದವರೂ ಒಳಗೆ ನುಗ್ಗಿದರು. ವಾಗೀಶ, “ಭಾವನ್ನ ಹೊಡ್ದೇ ಬುಡ್ತಾರೆ ಕಣಕ್ಕ,” ಎಂದ. ನಾನು ಹೆದರಿ ಟಿವಿಯ ಹತ್ತಿರಕ್ಕೇ ಹೋಗಿ ಕೂತೆ.

ಅರವತ್ತನಾಲ್ಕನೇ ನಿಮಿಷದಲ್ಲಿ ನೀಲಿ ತಂಡದ ಗೋಲ್‌ಕೀಪರೂ ಬಿಳಿ ತಂಡದವನೊಬ್ಬನೂ ಜಟಾಪಟಿಗೆ ಬಿದ್ದಾಗ ನೀವು ಇಬ್ಬರಿಗೂ ಹಳದಿ ಕಾರ್ಡು ತೋರಿಸಿದಿರಿ. ನನಗೆ ಅಷ್ಟು ಭಯದಲ್ಲೂ ನಗು ಬಂತು. ಮನೆಯಲ್ಲೂ ನಿಮ್ಮದು ಇದೇ ತೀರ್ಪು ತಾನೇ? ಆಮೇಲೆ ಮೈದಾನದ ಅಂಚಿನಲ್ಲಿ ರೀಪ್ಲೇ ನೋಡಲು ಇಟ್ಟಿದ್ದ ಟಿವಿ ಪರದೆಯ ಹತ್ತಿರ ಓಡಿದಿರಿ. ಎಷ್ಟು ಹೊತ್ತು ನೋಡಿದಿರಿ! ವಾಪಸ್ ಬಂದವರು ಗಾಳಿಯಲ್ಲಿ ಬೆರಳಿನಿಂದ ಟಿವಿಯಾಕಾರದ ಚೌಕ ಬರೆದು, ಗೋಲ್‌ಕೀಪರಿನ ಹಳದಿಯನ್ನು ರದ್ದು ಮಾಡಿ ಕೆಂಪು ಕಾರ್ಡು ತೋರಿಸಿ ಹೊರಗೆ ಕಳಿಸಿದಿರಿ. ನಿಮ್ಮ ತೀರ್ಪು ತಪ್ಪೆಂದು ಅಷ್ಟು ಸಾವಿರ ಜನರೆದುರು ನೀವೇ ಒಪ್ಪಿಕೊಂಡಿರಿ.

ಅವತ್ತಿನಿಂದ ಒಂದೇ ಕುತೂಹಲ. ಆ ಪರದೆಯ ಮುಂದೆ ನಿಂತಾಗ ನಿಮಗೆ ಏನನ್ನಿಸಿತು? ನಾಚಿಕೆಯೇ? ಅಥವಾ ಮನಸ್ಸು ಹಗುರವಾಯಿತೇ? ನಿಜವಾಗಿ ತಿಳಿಯಬೇಕೆನ್ನಿಸಿದೆ.

ಎರಡು ವರ್ಷದ ಹಿಂದೆ ನನ್ನ ಹೊಲಿಗೆ ಮೆಷೀನನ್ನು ಅತ್ತೆ ನನಗೊಂದು ಮಾತೂ ಕೇಳದೆ ಇಲವಾಲದಲ್ಲಿರುವ ಅವರ ತಮ್ಮನ ಮಗಳಿಗೆ ಕೊಟ್ಟುಬಿಟ್ಟಿದ್ದರು. ಅದಕ್ಕೇ ನಮ್ಮಿಬ್ಬರಿಗೂ ಜಗಳ ಹತ್ತಿತ್ತು. ನೀವು ಸ್ಕೂಲಿನಲ್ಲಿ ಪಿ.ಟಿ. ಪಾಠ ಮುಗಿಸಿ ಬಂದು, ಬೂಟು ಕೂಡ ಬಿಚ್ಚದೆ, ಇಬ್ಬರದೂ ತಪ್ಪು ಎಂದು ಮಹಡಿಗೆ ಹೋದಿರಿ. ನಾನು ತವರಿಗೆ ಬಂದೆ. ಮೆಷೀನು ಹೋಯಿತು ಅಂತ ಬಂದದ್ದಲ್ಲ ರೀ, ಏನಾಯಿತು ಎಂದು ನೀವು ಕೇಳಲೇ ಇಲ್ಲ. ಅದಕ್ಕೇ ಬಂದೆ.

ಬರುವ ಸೋಮವಾರ ಕೋರ್ಟಿನಲ್ಲಿ ಇಬ್ಬರೂ ಒಪ್ಪಿಗೆ ಹೇಳಿದರೆ ನಮ್ಮ ಮದುವೆ ಮುಗಿಯುತ್ತದೆ. ಅದಕ್ಕೆ ಮುಂಚೆ ನಮ್ಮ ಆ ದಿನವನ್ನೂ ಒಮ್ಮೆ ಆ ಪರದೆಯಲ್ಲಿ ನೋಡಿದ ಹಾಗೇ ತಿರುಗಿ ನೋಡಿ. ಆಮೇಲೂ ಬೇಡವೆನ್ನಿಸಿದರೆ ನಾನು ತಕರಾರು ಮಾಡುವುದಿಲ್ಲ. ನನಗಂತೂ ಈ ಸಂಸಾರ ಬೇಕೆನ್ನಿಸುತ್ತಿದೆ.

ಇನ್ನೂ ನಿಮ್ಮವಳೇ ಆಗಿರುವ
ಬಿಂದು

ವಿ.ಸೂ.: ಇದನ್ನು ಬರೆಯಬಾರದೆಂದು ಕಾಗದ ಮಡಿಸಿಬಿಟ್ಟಿದ್ದೆ. ಆ ದಿನ ನೀವು ಬರುವ ಮುಂಚೆ ನಾನು ಅತ್ತೆಗೆ, “ನೀವು ಸತ್ರೇನೇ ಈ ಮನೆ ತಣ್ಣಗಾಗೋದು,” ಅಂದಿದ್ದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಎರಡು ವರ್ಷವಾದರೂ ನೀವು ಆ ಮಾತನ್ನು ಎತ್ತಿಲ್ಲ. ಅಂದರೆ ಅವರು ನಿಮಗೆ ಹೇಳಿಯೇ ಇಲ್ಲ. ನಾಳೆ ಬೆಳಿಗ್ಗೆ ಅವರ ಕ್ಷಮೆ ಕೇಳಲು ಬರುತ್ತೇನೆ. ಬಾಗಿಲು ನೀವು ತೆಗೆಯಬೇಡಿ. ಅವರಿಗೆ ಮನಸ್ಸಿದ್ದರೆ ಅವರೇ ತೆಗೆಯಲಿ.