ಎಲಿ ಹೊಳ್ಳಿಸಿ ನೋಡು

ಅಮಸಿದ್ದಾ,

ನಾ ಸಾವಳಗಿಗೆ ನಿನ್ನ ತಂಗಿ ಮನಿಗೆ ಹೊಂಟೇನಿ, ಅಮಾಸಿ ಮಾಡ್ಕೊಂಡು ಬರ್ತೇನಿ. ರೊಟ್ಟಿ ಬುಟ್ಟ್ಯಾಗ ಅದಾವ, ಬಿಸಿ ಇಲ್ಲಂತ ಮಾರಿ ಊದಿಸಬ್ಯಾಡ.

ನೀ ದಿನಾ ಸಾಹೇಬನಂಗ ಒಡ್ಡಿನ ಮ್ಯಾಲ ನಿಂತು "ಸೋಯಾ ಛಲೋ ಐತಿ ಬೇ" ಅಂತಿ. ಹುಳ ಒಡ್ಡಿಗೆ ಹತ್ತಿಲ್ಲೋ, ಎಲಿ ಕೆಳಗ ಸಂತಿ ನೆರದಾವ. ಹೊಲಕ್ಕ ಇಳಿ, ಬಗ್ಗು, ಎಲಿ ಹೊಳ್ಳಿಸಿ ನೋಡು. ಹತ್ತಿ ಅಂಟಿಸಿದಂಗ ತತ್ತಿ ಕಂಡ್ರ ಎಲಿ ಸಮೇತ ಹರದು, ಚಿಮಣಿ ಎಣ್ಣಿ ಹಾಕಿದ ನೀರಾಗ ಮುಳುಗಿಸು. ಬಗ್ಗಿದ್ರ ಪ್ಯಾಂಟಿನ ಇಸ್ತ್ರಿ ಹೋಗತೈತಿ, ಜೀವ ಹೋಗಂಗಿಲ್ಲ.

ಮೊನ್ನೆ ಗಾಳಿಗೆ ಎದರ ನಿಂತು ಹುಳದ ಔಷಧ ಹೊಡದಿ. ಹುಳಕ್ಕ ಒಂದ ಹನಿ ಮುಟ್ಟಲಿಲ್ಲ, ಅವು ಉಂಡು ಎಮ್ಮಿಯಷ್ಟ ಆದವು. ನೀ ಮಾತ್ರ ವಾಂತಿ ಮಾಡಿ ಹಾಸಿಗಿ ಹಿಡದಿ. ನಿನ್ನ ತಲಿ ಹಿಡಕೊಂಡು ಕುಂತಾಗ ನನ್ನ ಜೀವ ಬಾಯಿಗೆ ಬಂದಿತ್ತು ಲೇ. ಹುಳ ಬೆಳಿ ತಿಂದ್ರ ತಿನ್ನಲಿ, ಮಗನ್ನ ತಿನ್ನಾಕ ನಾ ಬಿಡಂಗಿಲ್ಲ.

ಅದಕ್ಕ ಔಷಧ ಹೊಡಿಯೋ ಪಂಪಿನ ಉದ್ದನ ಕೊಳವಿ ಬಿಚ್ಚಿ, ನನ್ನ ಸೀರಿ ಗಂಟಿಗೆ ಕಟಗೊಂಡು ಒಯ್ದೇನಿ. ಹುಡುಕಬ್ಯಾಡ. ಬಸ್ಸಿನ್ಯಾಗ ಕಂಡಕ್ಟರ್ "ಇದೇನ ಆಯಿ?" ಅಂದ್ರ, "ಸೊಂಟ ಬಗ್ಗದ ನನ್ನ ಮಗನ ಊರುಗೋಲರೀ" ಅಂತೇನಿ.

ನಿಮ್ಮವ್ವ