ಕೆಂಪು ಪಟ್ಟೆಯ ದೋಣಿ

ಮನೆಯಿಂದ,
ಮಾರ್ಚ್ ೯, ಭಾನುವಾರ

ಮುದ್ದಿನ ಸೊಸೆಗೆ,

ಹೇಗಿದ್ದೀಯಮ್ಮ? ಕೆಮ್ಮು ಕಡಿಮೆಯಾಯಿತೇ? ಹೊಸ ಮನೆಗೆ ಲಿಫ್ಟ್ ಇಲ್ಲ ಎಂದಿದ್ದೆಯಲ್ಲ. ಸಾಮಾನು ಹೊತ್ತುಕೊಂಡು ಒಂದೇ ಉಸಿರಿಗೆ ಮೆಟ್ಟಿಲು ಹತ್ತಬೇಡ. ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಮಂಡಿನೋವು ಅದರ ಪಾಡಿಗೆ ಅದಿದೆ, ನಿನ್ನತ್ತೆಯ ಬಾಯಿ ಅದರ ಪಾಡಿಗೆ ಅದಿದೆ.

ಉತ್ತರ ತಡವಾಯಿತೆಂದು ಬೇಜಾರಾಗಬೇಡ. ನಿನ್ನ ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಮದುವೆಯಾಗೋಣ ಎಂದು ಕೇಳಿದ್ದಾರೆ, "ಅತ್ತೆ ಮಾವ ಒಪ್ಪಿದರೆ ಮಾತ್ರ ಹೂಂ ಅಂತೀನಿ" ಎಂದು ಬರೆದಿದ್ದೆಯಲ್ಲ. ಆ ಕಾಗದ ಓದಿದ ದಿನ ನಿನ್ನತ್ತೆ ಒಲೆ ಹಚ್ಚಲಿಲ್ಲ. ನಾನು ಹಿತ್ತಲಿಗೆ ಹೋಗಿ ದೋಣಿಯ ಮುಂದೆ ಕೂತೆ. ಮಾತಾಡೋಣವೆಂದು ಎರಡು ಸಲ ಫೋನು ಕೈಗೆತ್ತಿಕೊಂಡು ಇಟ್ಟುಬಿಟ್ಟೆ, ಅದಕ್ಕೇ ಈ ಕಾಗದ.

ದೋಣಿಯ ಗತಿ ನಿನಗೆ ಗೊತ್ತಿಲ್ಲ. ಮಗ ತೀರಿಕೊಂಡ ಮೇಲೆ ಅದನ್ನು ಹಿತ್ತಲಲ್ಲೇ ಕವುಚಿಟ್ಟಿದ್ದೆವಲ್ಲ, ಗಾಳಿಗೆ ಶೆಡ್ಡಿನ ತಗಡು ಹಾರಿ ಅದರ ಮೇಲೆ ಬಿದ್ದು, ನೀನು ಕೂರುತ್ತಿದ್ದ ಮುಂಬದಿಯಲ್ಲಿ ಅಂಗೈಯಗಲ ಒಡೆದಿತ್ತು. ಫೈಬರ್ ತಾನೇ, ನಾನೇ ತೇಪೆ ಹಾಕಿದರಾಯಿತು ಎಂದುಕೊಂಡೆ. ದೋಣಿ ರಿಪೇರಿಯವನು ಗಾಜಿನ ನೂಲಿನ ಬಟ್ಟೆ, ಬಳಿಯಲು ರೆಸಿನ್, ಅದು ಗಟ್ಟಿಯಾಗಲು ಬೆರೆಸುವ ಹಾರ್ಡನರ್ ಎಲ್ಲ ಕೊಟ್ಟು, "ಸುತ್ತಲಿನ ಬಣ್ಣ ಪೂರ್ತಿ ಉಜ್ಜಿ ತೆಗೀರಿ ಸಾರ್, ಅದರ ಮೇಲೆ ಹಾಕಿದ್ರೆ ಹಿಡಿಯಲ್ಲ" ಎಂದಿದ್ದ. ತಲೆಯಾಡಿಸಿ ಬಂದೆ. ಮೊದಲ ಸಲ ಹಾರ್ಡನರ್ ಜಾಸ್ತಿಯಾಗಿ, ನಾನು ಬ್ರಷ್ ಹುಡುಕುವಷ್ಟರಲ್ಲಿ ರೆಸಿನ್ ಮಗ್ಗಿನಲ್ಲೇ ಕಲ್ಲಾಯಿತು. ಅದು ಅಡುಗೆಮನೆಯ ಮಗ್ಗು. ಆಮೇಲೆ ನಿನ್ನತ್ತೆಯಿಂದ ಕೇಳಿಸಿಕೊಂಡದ್ದನ್ನು ಇಲ್ಲಿ ಬರೆಯುವಂತಿಲ್ಲ.

ಎರಡನೆಯ ಸಲ ಹದವಾಗಿಯೇ ಕಲಸಿದೆ. ಆದರೆ ಒಡೆದ ಜಾಗದ ಪಕ್ಕದಲ್ಲೇ ಮಗ ಬಳಿದ ಕೆಂಪು ಪಟ್ಟೆ. ಹಸಿ ಬಣ್ಣದಲ್ಲಿ ಹೆಬ್ಬೆರಳು ಊರಿ "ಇದೇ ನನ್ನ ಸಹಿ" ಎಂದು ನಕ್ಕಿದ್ದನಲ್ಲ, ಆ ಗುರುತು. ಅದನ್ನು ಉಜ್ಜಲು ನನಗೆ ಕೈ ಬರಲಿಲ್ಲ. ತೇಪೆಯ ಕೆಳಗಾದರೂ ಕಾಣುತ್ತಿರಲಿ ಎಂದು ಬಣ್ಣದ ಮೇಲೆಯೇ ಬಟ್ಟೆ ಹಾಸಿ ಬಳಿದುಬಿಟ್ಟೆ. ಒಣಗಿದ ಮೇಲೆ ನೋಡಿದರೆ ಅಂಚು ಗಾಯದ ಹಕ್ಕಳೆಯ ಹಾಗೆ ಎದ್ದಿತ್ತು. ಕಿತ್ತು ಮತ್ತೆ ಹಾಕಿದೆ, ಮತ್ತೆ ಎದ್ದಿತು. ತಲೆಯ ಮೇಲೆ ಕೈಹೊತ್ತು ಕೂತೆ.

ಆಗ ನಿನ್ನತ್ತೆ ಬಂದು "ಸರೀರಿ ಆ ಕಡೆ" ಎಂದು ಸ್ಯಾಂಡ್‌ಪೇಪರ್ ಕಿತ್ತುಕೊಂಡಳು. ಆ ಗುರುತಿನ ಮೇಲೆ ಒಂದು ಗಳಿಗೆ ತನ್ನ ಹೆಬ್ಬೆರಳಿಟ್ಟಳು. ಆಮೇಲೆ ಉಜ್ಜತೊಡಗಿದಳು. ಕೆಂಪು ಪುಡಿ ಅವಳ ಮಡಿಲ ತುಂಬ. ಅವಳು ಅಳುತ್ತಲೇ ಉಜ್ಜಿದಳು, ನನಗೂ ತಡೆಯಲಾಗಲಿಲ್ಲ. ಈಗ ತೇಪೆ ಭದ್ರವಾಗಿ ಕೂತಿದೆ. ಈಜು ಕಲಿಸುವ ಮೇಷ್ಟ್ರು ಮಕ್ಕಳಿಗೆ ಬೇಕೆಂದರು, ನಿನ್ನೆ ದೋಣಿ ಕೊಟ್ಟುಬಿಟ್ಟೆವು. ಹಿತ್ತಲು ಬಿಕೋ ಎನ್ನುತ್ತಿದೆ.

ಹೊತ್ತುಹೊತ್ತಿಗೆ ಊಟ ಮಾಡು, ನಿದ್ದೆಗೆಡಬೇಡ. ಎಲ್ಲಿದ್ದರೂ ನೂರು ಕಾಲ ಸುಖವಾಗಿರು ಎಂದು ಹರಸುವ,

ನಿನ್ನ ಮಾವ

ಮರೆತ ಮಾತು: ಮದುವೆ ಮಾಡಿಕೋ ತಾಯಿ. ನಮ್ಮಿಬ್ಬರದೂ ಮನಸಾರೆ ಒಪ್ಪಿಗೆ. "ಅದನ್ನ ಮೊದ್ಲು ಬರೀಬಾರದಿತ್ತಾ, ದೋಣಿ ಪುರಾಣ ಯಾರಿಗೆ ಬೇಕು" ಎಂದು ನಿನ್ನತ್ತೆ ಪಕ್ಕದಲ್ಲೇ ನಿಂತು ಬೈಯುತ್ತಿದ್ದಾಳೆ. ಒಂದೇ ಒಂದು ಕೇಳಿಕೊಳ್ಳುತ್ತೇನೆ, ಆಮೇಲೂ ನಮ್ಮನ್ನು ಅತ್ತೆ, ಮಾವ ಅಂತಲೇ ಕರಿ. ಹಾಗೆ ಕರೆಯುವವರು ನಮಗೆ ಇನ್ನು ಯಾರೂ ಇಲ್ಲ.