ಬಣ್ಣ ಒಣಗುವ ತನಕ

ಜುಲೈ 9, ಮಂಗಳವಾರ
ತೇಗದ ತುಂಡಿಗೆ ಮತ್ತೆ ಉಳಿ ಹಿಡಿದೆ. ಬುಟ್ಟಿಯ ಹೆಣಿಗೆ ಬರಬೇಕು — ಒಂದು ಎಳೆ ಮೇಲೆ, ಒಂದು ಕೆಳಗೆ. ಕಟ್ಟಿಗೆ ಬಾಗುವುದಿಲ್ಲ. ಬಾಗಿದಂತೆ ಕಾಣಬೇಕು, ಅಷ್ಟೇ. ಮಾದರಿಗೆ ಅತ್ತೆ ಅರ್ಧಕ್ಕೆ ಬಿಟ್ಟ ಬಿದಿರು ಬುಟ್ಟಿ. ಲಕ್ವಾ ಹೊಡೆದಾಗ ಕೈಯಲ್ಲಿದ್ದದ್ದು ಅದೇ. ಆಮೇಲೆ ಬಲಗೈ ಏಳಲಿಲ್ಲ. ನನ್ನ ಗಂಡ ಯಲ್ಲೇಶ ತೀರಿಕೊಂಡ ಮೇಲೆ ಈ ಬೆಟಗೇರಿ ಮನೆಯಲ್ಲಿ ನಾವಿಬ್ಬರೇ — ನಾನು, ಅತ್ತೆ ಫಕ್ಕೀರವ್ವ. ಮಾತು ಕಡಿಮೆ...

ಜುಲೈ 12, ಮಧ್ಯಾಹ್ನ
ಹಮ್ಮಿಗಿಯಿಂದ ಅತ್ತೆಯ ತಮ್ಮ ಮೈಲಾರಲಿಂಗಪ್ಪ ಮಾವ ಬಂದಿದ್ದರು.
"ಅಕ್ಕಾ, ಮಗಾನ ಇಲ್ಲ. ಸೊಸಿ ಹತ್ರ ಎಷ್ಟ ದಿನ ಇರ್ತಿ? ನಮ್ಮ ಮನಿಗೆ ಬಾ. ಮುಂದಿನ ಆಯಿತಾರ ಟೆಂಪೊ ತರ್ತೀನಿ."
ಅತ್ತೆ ನನ್ನತ್ತ ನೋಡಿದರು. ನಾನು ಉಳಿ ಮಸೆಯುತ್ತಲೇ ಇದ್ದೆ. ಇರಿ ಅನ್ನಲು ನಾನ್ಯಾರು?

ಜುಲೈ 18
ಕೆತ್ತನೆ ಮುಗಿಯಿತು. ಕೆಳಗೆ ಹೆಣಿಗೆ, ಮೇಲೆ ಬರೀ ಕಡ್ಡಿ — ಅತ್ತೆಯ ಬುಟ್ಟಿ ನಿಂತಲ್ಲೇ ಇದೂ ನಿಂತಿದೆ. ಅವರ ತೊಡೆಯ ಮೇಲಿಟ್ಟೆ. ಎಡಗೈ ಬೆರಳು ಆಡಿಸಿದರು.
"ಇಷ್ಟ ವಜ್ಜಿ ಬುಟ್ಟಿ ಯಾರ ಹೊರ್ತಾರ ಮಾಯಾ?"
ನಕ್ಕರು! ಎಷ್ಟು ದಿನವಾಗಿತ್ತು.
"ಹೊರಾಕ ಅಲ್ರಿ ಅತ್ತಿ, ನೋಡಾಕ."
"ನೋಡಾಕಾದ್ರ ಬಣ್ಣ ಬೇಕಲ್ಲ. ಕೆಂಪು ಎಲ್ಲೈತಿ?"

ಜುಲೈ 20
ಬ್ರಷ್ ಎಡಗೈಗೆ ಕೊಟ್ಟು ಮಣಿಕಟ್ಟು ಹಿಡಿದೆ. ಕೆಂಪು ನಡುಗಿತು, ಗೆರೆ ದಾಟಿ ಹರಿಯಿತು.
"ಕೆಡಿಸಿದ್ನೆಲ್ಲವಾ."
"ಕೆಡ್ಲಿ ಬಿಡ್ರಿ."
ನನ್ನ ಕೈ ಸರಿಸಿದರು. ಉಳಿದದ್ದೆಲ್ಲ ಒಬ್ಬರೇ ಬಳಿದರು. ತಿದ್ದಲು ಸ್ಯಾಂಡ್‌ಪೇಪರ್ ತಂದಿದ್ದೆ... ಮುಟ್ಟಲಿಲ್ಲ.

ಜುಲೈ 21, ಭಾನುವಾರ
ಟೆಂಪೊ ಬಂತು. ಬಾಗಿಲಲ್ಲಿ ಅತ್ತೆಯ ಗಂಟು. ನಾನೇ ಕಟ್ಟಿದ್ದೆ, ಅಳುತ್ತ. ಅತ್ತೆ ಕೂತಲ್ಲಿಂದ ಏಳಲೇ ಇಲ್ಲ.
"ನಡಿಯಕ್ಕಾ."
"ಬಣ್ಣ ಒಣಗಿಲ್ಲೋ ತಮ್ಮಾ."
"ಒಣಗಿದ ಮ್ಯಾಲ?"
"ಹಸರು ಹಚ್ಚೂದೈತಿ."
ಮಾವ ನನ್ನ ಮುಖ ನೋಡಿದರು. ಈ ಸಲ ಬಾಯಿ ಬಿಟ್ಟೆ. "ಇಲ್ಲೇ ಇರ್ಲಿ ಬಿಡ್ರಿ ಮಾವ. ನನಗ ಬೇಕವರು."
ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. "ಕೇಳಿದೆಲ್ಲೋ? ಕುಂಡ್ರು. ಚಾ ಕುಡದು ಹೋಗು."

ಆಗಸ್ಟ್ 6, ಸಂಜೆ
ಕಟ್ಟಿಗೆ ಬುಟ್ಟಿ ಹುಬ್ಬಳ್ಳಿಯ ಕರಕುಶಲ ಪ್ರದರ್ಶನಕ್ಕೆ ಹೋಯಿತು. ಕೆಳಗೆ ಇಬ್ಬರ ಹೆಸರೂ ಬರೆಸಿದೆ. ಮುಂದಿನ ಕೆತ್ತನೆಗೆ ಮಲ್ಲಸಮುದ್ರದಿಂದ ಬೇವಿನ ಬೊಡ್ಡೆ ತರಿಸಿದ್ದೇನೆ. ಬೆಳಿಗ್ಗೆಯಿಂದ ಅತ್ತೆ ಅದರ ಮುಂದೆಯೇ. ಅಂಚು ಹೀಗೆ ಬರಲಿ, ಬುಡ ಹಾಗೆ ಬರಲಿ... ಅಗೋ, ಕೂಗು — "ಏನ ಬರಿತಿಯವಾ, ಬೆಳಕ ಹೊಂಟೈತಿ, ಜಲ್ದಿ ಬಾ!"
ಬೈಯುವಾಗ ಥೇಟ್ ಯಲ್ಲೇಶನ ದನಿ. ಮೊದಲೆಲ್ಲ ಅದು ಕಿವಿಗೆ ಬಿದ್ದರೆ ಎದ್ದು ಹೊರಗೆ ಹೋಗುತ್ತಿದ್ದೆ. ಈಗ ಆ ದನಿಯ ಕಡೆಗೇ ಹೊರಟೆ —